ಗ್ಯಾಸ್‌ಲೈಟಿನಿಂದ ಎಲ್‌ಇಡಿಯವರೆಗೆ: ಕಡಿಮೆ ಖರ್ಚಿನ ರಂಗದೀಪಗಳು



ಈವತ್ತು ನಾನು ಮಾತಾಡಲಿಕ್ಕಿರುವುದು ದೀಪದ ವಿಷಯ. ದೀಪ ಎಂದ ಕೂಡಲೆ ದೇವರ ಮುಂದಿನ ದೀಪ, ಜ್ಞಾನದ ದೀಪ ಎಂದು ನೀವು ಕೈಮುಗಿದು ಕುಳಿತುಕೊಳ್ಳುವುದು ಬೇಡ. ಮದುವೆ ಚಪ್ಪರದಲ್ಲಿ, ಗಾನಮೇಳದಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ, ಈಗೀಗ ಯಕ್ಷಗಾನದ ರಂಗಸ್ಥಳದಲ್ಲೂ ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಾಯಿಸುವ ದೀಪಗಳನ್ನು ನೀವೆಲ್ಲ ನೋಡಿದ್ದೀರಿ. ಎಲ್‌ಇಡಿ ಪಾರ್ ಎಂದು ಅವುಗಳ ಹೆಸರು. ನಮ್ಮ ಹುಡುಗರು ಬರೇ ಪಾರ್ ಲೈಟ್ ಎನ್ನುತ್ತಾರೆ. ಅವುಗಳನ್ನು ಕೊಳ್ಳುವುದು ಹೇಗೆ, ಕಟ್ಟುವುದು ಹೇಗೆ, ಎಲ್ಲಿ ಜಾಗ್ರತೆ ಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ನಾನು ಇಂಜಿನಿಯರ್ ಅಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದವನು. ದೀಪದ ಉಸಾಬರಿ ನನ್ನ ತಲೆಗೆ ಬಂದದ್ದು ನಮ್ಮೂರ ಭಜನಾ ಮಂದಿರದ ಖಜಾಂಚಿಯಾದ ಮೇಲೆ. ಲೆಕ್ಕ ಬರೆಯುವವನಿಗೆ ವಸ್ತು ಕೊಳ್ಳುವ ಕೆಲಸವನ್ನೂ ಕೊಡುವುದು ನಮ್ಮೂರ ಪದ್ಧತಿ. ಊರವರ ಹಣದಲ್ಲಿ ನಾನು ಮಾಡಿದ ತಪ್ಪುಗಳನ್ನು ನೀವು ಮಾಡುವುದು ಬೇಡ ಎಂಬುದಕ್ಕಾಗಿ ಈ ಮಾತು.

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ಕುಂಬಳೆ ಸೀಮೆಯ ಗದ್ದೆಗಳಲ್ಲಿ ಬಯಲಾಟವಾದರೆ ಬೆಳಕಿಗೆ ಗ್ಯಾಸ್‌ಲೈಟು. ಹೆಸರು ಗ್ಯಾಸ್, ಒಳಗಿದ್ದದ್ದು ಸೀಮೆಎಣ್ಣೆ. ಸ್ಪಿರಿಟ್ ಹೊಯ್ದು ಬಿಸಿ ಮಾಡಿ, ಪಂಪು ಹೊಡೆದು, ಮ್ಯಾಂಟಲ್ ಉರಿಯತೊಡಗಿದಾಗ ಸುಂಯ್ ಎಂದು ಒಂದು ಸದ್ದು. ಆ ಸದ್ದು ಕೇಳಿದರೆ ಆಟ ಶುರುವಾಗಲಿಕ್ಕಾಯಿತು ಎಂದು ಮಕ್ಕಳೆಲ್ಲ ಚಾಪೆ ಹಿಡಿದು ಓಡುತ್ತಿದ್ದೆವು. ನಡುರಾತ್ರಿ ಬೆಳಕು ಮಂಕಾದರೆ ಯಾರಾದರೂ ಎದ್ದು ಹೋಗಿ ನಾಲ್ಕು ಪಂಪು ಹೊಡೆಯಬೇಕು. ಆ ಕೆಲಸ ಸಿಕ್ಕಿದ ಹುಡುಗನಿಗೆ ಎಲ್ಲಿಲ್ಲದ ಗತ್ತು. ನನಗೆ ಎರಡು ಸಲ ಸಿಕ್ಕಿತ್ತು. ಒಮ್ಮೆ ಮ್ಯಾಂಟಲ್ಲಿಗೆ ಬೆರಳು ತಾಗಿ ಅದು ಬೂದಿಯಾಗಿ ಉದುರಿತು. ಮೂರನೆಯ ಸಲ ಸಿಗಲಿಲ್ಲ.

ಅದಕ್ಕೂ ಮೊದಲು ದೊಂದಿಯ ಬೆಳಕಿತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಬಣ್ಣದ ವೇಷ ಬರುವಾಗ ಉರಿಯುವ ಪಂಜಿಗೆ ರಾಳದ ಹುಡಿ ಎರಚಿ ಬೆಂಕಿ ಭುಗ್ಗೆನ್ನಿಸುವುದನ್ನು ನಾನೇ ನೋಡಿದ್ದೇನೆ, ನಿಮ್ಮಲ್ಲಿ ಅನೇಕರು ನೋಡಿರಬಹುದು. ನಮ್ಮ ವೇಷಗಳ ಮುಖವರ್ಣಿಕೆ, ಕಿರೀಟದ ಬೇಗಡೆ, ಚುಟ್ಟಿಯ ಬಿಳುಪು, ಇವೆಲ್ಲ ಆ ಹಳದಿ ಬೆಂಕಿಯ ಮುಂದೆ ಬೆಳೆದು ಬಂದವು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕರೆಂಟು ಬಂದ ಮೇಲೆ ಟ್ಯೂಬ್‌ಲೈಟು ಬಂತು. ಆಮೇಲೆ ದೊಡ್ಡ ಕಾರ್ಯಕ್ರಮಗಳಿಗೆ ಹ್ಯಾಲೊಜೆನ್ ಬಂತು. ಪಾರ್ ಎಂಬ ಹೆಸರು ಆ ಕಾಲದ್ದೇ. ಕರಿ ಡಬ್ಬಿಯಂಥ ತಗಡಿನೊಳಗೆ 1000 ವಾಟಿನ ದೀಪ, ಎದುರಿಗೆ ಬಣ್ಣದ ಜಿಲೆಟಿನ್ ಕಾಗದ. ಕೆಂಪು ಬೇಕಾದರೆ ಕೆಂಪು ಕಾಗದದ ದೀಪ, ನೀಲಿ ಬೇಕಾದರೆ ನೀಲಿ ಕಾಗದದ ಬೇರೆ ದೀಪ. ಕಾಗದ ಬಿಸಿಗೆ ಸುಟ್ಟು ಬಿಳಚುತ್ತಿತ್ತು. ಅಂಥ 8 ದೀಪ ಉರಿಸಿದರೆ 8000 ವಾಟು, 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 35 ಆಂಪಿಯರ್. ನಮ್ಮ ಮನೆಗಳ ಸಿಂಗಲ್ ಫೇಸ್ ಲೈನು ಅದನ್ನು ಹೊರಲಾರದು. ಆದ್ದರಿಂದ ಜನರೇಟರು, ಲಾರಿ, ನಾಲ್ಕು ಜನ ಆಳು. ಹಾಗಾಗಿ ಬಣ್ಣದ ಬೆಳಕು ಪೇಟೆಯ ನಾಟಕಕ್ಕೆ, ಶ್ರೀಮಂತರ ಮದುವೆಗೆ ಮಾತ್ರ ಇತ್ತು.

ಎಲ್‌ಇಡಿ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಕೆಂಪು ಎಲ್‌ಇಡಿ 1962ರಷ್ಟು ಹಿಂದೆಯೇ ಬಂದಿತ್ತು. ರೇಡಿಯೊದಲ್ಲಿ, ಕ್ಯಾಲ್ಕ್ಯುಲೇಟರಿನಲ್ಲಿ ನಾವು ಕಂಡಿದ್ದೇವೆ. ಹಸಿರೂ ಇತ್ತು. ನೀಲಿ ಮಾತ್ರ ಯಾರ ಕೈಗೂ ಸಿಗದೆ ಸತಾಯಿಸುತ್ತಿತ್ತು. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಜಪಾನಿನಲ್ಲಿ ಅಕಾಸಾಕಿ ಮತ್ತು ಅಮಾನೊ ಎಂಬವರು ದಾರಿ ತೋರಿಸಿದರು, ನಾಕಾಮುರಾ ಎಂಬವರು 1993ರಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿಯನ್ನು ಹೊರತಂದರು. ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಕೆಂಪು, ಹಸಿರು, ನೀಲಿ ಮೂರೂ ಸೇರಿದ ಮೇಲೆ ಒಂದೇ ದೀಪದಿಂದ ಬೇಕಾದ ಬಣ್ಣ ತೆಗೆಯುವುದು ಸಾಧ್ಯವಾಯಿತು. ಕೆಂಪಿಗೆ ಹಸಿರು ಬೆರೆಸಿದರೆ ಹಳದಿ, ಕೆಂಪಿಗೆ ನೀಲಿ ಬೆರೆಸಿದರೆ ನೇರಳೆಗೆಂಪು, ಮೂರೂ ಬೆರೆತರೆ ಬಿಳಿ. ಇದು ಪೈಂಟು ಬೆರೆಸಿದ ಹಾಗಲ್ಲ. ಪೈಂಟಿನಲ್ಲಿ ಮೂರನ್ನೂ ಬೆರೆಸಿದರೆ ಕೆಸರು ಬಣ್ಣ ಬರುತ್ತದೆ.

(ಇಲ್ಲೊಂದು ಮಾತು ನೆನಪಾಗುತ್ತದೆ. ಮಲಯಾಳದಲ್ಲಿ ವೆಳಿಚ್ಚಂ ಎನ್ನುತ್ತಾರೆ, ನಾವು ಬೆಳಕು ಎನ್ನುತ್ತೇವೆ. ಅವರ ವಕಾರ ನಮ್ಮಲ್ಲಿ ಬಕಾರ, ಬೇರು ಒಂದೇ. ತುಳುವಿನ ಬೊಳ್ಪೂ ಅದರ ನೆಂಟನೇ. ಅಂಗಡಿಯವನ ಹತ್ತಿರ ಮಲಯಾಳದಲ್ಲಿ ಚೌಕಾಶಿ ಮಾಡಿ, ಮನೆಯಲ್ಲಿ ತುಳುವಿನಲ್ಲಿ ಬೈಸಿಕೊಂಡು, ಮಂದಿರದ ಪುಸ್ತಕದಲ್ಲಿ ಕನ್ನಡದಲ್ಲಿ ಲೆಕ್ಕ ಬರೆದವನು ನಾನು.)

2018ರಲ್ಲಿ ಮಂದಿರಕ್ಕೆ 8 ಎಲ್‌ಇಡಿ ಪಾರ್ ತಂದೆವು. ಒಂದಕ್ಕೆ ಎರಡು ಸಾವಿರದ ಒಳಗೇ ಆಯಿತು. 54 ಸಣ್ಣ ಎಲ್‌ಇಡಿ, ಒಂದೊಂದು 3 ವಾಟು, ಒಟ್ಟು 162 ವಾಟು ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬ್ಯಾಂಕಿನಲ್ಲಿ ಕೂತವನಿಗೆ ಬರೆದದ್ದನ್ನೆಲ್ಲ ಕೂಡಿ ನೋಡುವ ಚಟ. ಮೂರೈವತ್ತನಾಲ್ಕು ನೂರ ಅರವತ್ತೆರಡು, ಕೂಡಿಕೆ ಸರಿ ಇತ್ತು. ಸರಕು ಸರಿ ಇದೆಯೇ ಎಂದು ನೋಡುವ ಉಪಾಯವನ್ನು ಆಮೇಲೆ ಒಬ್ಬ ವಯರ್‌ಮ್ಯಾನ್ ಹೇಳಿಕೊಟ್ಟ. ನಿಮಗೂ ಹೇಳುತ್ತೇನೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಿಮ್ಮ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ನಮ್ಮದರಲ್ಲಿ 3200. ಮನೆಯ ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ, ನಾಲ್ಕು ಪಾರ್‌ಗಳನ್ನು ಎಲ್ಲ ಬಣ್ಣವೂ ಪೂರ್ತಿ ಉರಿಯುವ ಹಾಗೆ ಇಟ್ಟು, ಗಡಿಯಾರ ನೋಡಿ 6 ನಿಮಿಷ ಎಣಿಸಿದೆ. 80 ಸಲ ಮಿನುಗಿತು. 6 ನಿಮಿಷವೆಂದರೆ ಗಂಟೆಯ ಹತ್ತರಲ್ಲೊಂದು. ಹಾಗಾದರೆ ಗಂಟೆಗೆ 800. 800ನ್ನು 3200ರಿಂದ ಭಾಗಿಸಿದರೆ ಕಾಲು ಯೂನಿಟ್, ಅಂದರೆ 250 ವಾಟು. ನಾಲ್ಕು ದೀಪಕ್ಕೆ 250 ಆದರೆ ಒಂದಕ್ಕೆ 62 ಚಿಲ್ಲರೆ. ಪೆಟ್ಟಿಗೆಯ ಮೇಲೆ 162!

ಮೋಸ ಎನ್ನೋಣವೇ? ಅಂಗಡಿಯವನನ್ನು ಕೇಳಿದರೆ ಎಲ್ಲ ಕಂಪೆನಿಯವರೂ ಹಾಗೇ ಬರೆಯುವುದು ಎಂದ. ಅದರಲ್ಲಿ ಅರ್ಧ ಸತ್ಯವಿದೆ. 3 ವಾಟು ತಾಳಬಲ್ಲ ಎಲ್‌ಇಡಿಗೆ ಒಂದೇ ವಾಟು ಕೊಟ್ಟು ಉರಿಸುತ್ತಾರೆ, ಅಷ್ಟು ಕೊಟ್ಟರೆ ಅಗ್ಗದ ಡಬ್ಬಿಯಲ್ಲಿ ಬಿಸಿ ಹೋಗಲು ಜಾಗವಿಲ್ಲ. ಆದ್ದರಿಂದ ಪೆಟ್ಟಿಗೆಯ ಅಂಕೆಯನ್ನು ಬಿಡಿ. ಅಂಗಡಿಯಲ್ಲಿ ದೀಪ ಉರಿಸಿ, ನೀವು ಕಟ್ಟುವಷ್ಟೇ ದೂರದ ಗೋಡೆಗೆ ಹಾಯಿಸಿ ನೋಡಿ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಂಗಡಿಯ ಮೇಜಿನ ಮೇಲೆ ಕಣ್ಣು ಕೋರೈಸಿದ ದೀಪ ಗದ್ದೆಯ ಮಧ್ಯೆ ಮಿಣುಕುಹುಳದಂತಾಗುವುದು ಇದರಿಂದಲೇ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಅದೇ 8 ದೀಪ 5 ಗಂಟೆ ಉರಿದರೆ ಎರಡೂವರೆ ಯೂನಿಟ್ ಆಗುತ್ತದೆ. ಹ್ಯಾಲೊಜೆನ್ನಿನಲ್ಲಿ 40 ಯೂನಿಟ್ ಆಗುತ್ತಿತ್ತು. ಭಜನಾ ಮಂದಿರದ ಸಾಮಾನ್ಯ ಪ್ಲಗ್ಗಿನಿಂದಲೇ ಇಡೀ ರಂಗಸ್ಥಳ ಬೆಳಗಬಹುದು.

ದೀಪ ತಂದ ಮೊದಲ ವರ್ಷದ ಆಟ ಸತ್ಯ ಹರಿಶ್ಚಂದ್ರ. ದೀಪದ ಬೆನ್ನಿಗೆ ನಾಲ್ಕು ಗುಂಡಿಗಳಿವೆ, ಒಂದು ಪುಟ್ಟ ಅಂಕೆಯ ಪರದೆ ಇದೆ. ಪುಸ್ತಕ ಚೀನೀ ಇಂಗ್ಲಿಷಿನಲ್ಲಿತ್ತು, ಓದಿದರೆ ಇದ್ದ ಬುದ್ಧಿಯೂ ಹೋಗುವಂಥದ್ದು. ಹುಡುಗರು ಏನೋ ಒತ್ತಿದರು, ಬಣ್ಣ ಬದಲಾಗತೊಡಗಿತು, ಎಲ್ಲರಿಗೂ ಸಂತೋಷ. ಅದು ಸದ್ದಿಗೆ ಕುಣಿಯುವ ಕ್ರಮ ಎಂದು ನಮಗೆ ತಿಳಿಯಲಿಲ್ಲ. ದೀಪದೊಳಗೆ ಒಂದು ಸಣ್ಣ ಮೈಕ್ ಇರುತ್ತದೆ, ಹೊರಗೆ ಪೆಟ್ಟು ಬಿದ್ದ ಹಾಗೆ ಬಣ್ಣ ಹಾರುತ್ತದೆ. ಡಿಜೆಯವರ ಪಾಟಿಗೆ ಅದು ಒಪ್ಪುತ್ತದೆ. ಆದರೆ ಇಲ್ಲಿ ಸ್ಮಶಾನದಲ್ಲಿ ಚಂದ್ರಮತಿ ಹಾವು ಕಚ್ಚಿ ಸತ್ತ ಮಗನನ್ನು ಮಡಿಲಲ್ಲಿಟ್ಟು ಅಳುತ್ತಿದ್ದಾಳೆ. ಮದ್ದಳೆಯ ಒಂದೊಂದು ಪೆಟ್ಟಿಗೂ ಹೆಣದ ಮೇಲೆ ಹಸಿರು, ಕೆಂಪು, ನೀಲಿ. ಮುಂದೆ ಕೂತ ಮಕ್ಕಳು ನಗತೊಡಗಿದರು. ಭಾಗವತರು ಪದ ನಿಲ್ಲಿಸಿ, ಮೈಕಿನಲ್ಲಿಯೇ, "ಯಜಮಾನರೇ, ಆ ದೀಪದ ಕುಣಿತ ಒಂದಿಷ್ಟು ನಿಲ್ಲಿಸಿ. ಇಲ್ಲಿ ಮಗ ಸತ್ತಿದ್ದಾನೆ" ಎಂದರು.

ನಾನು ಪ್ಲಗ್ಗನ್ನೇ ಕಿತ್ತೆ. ಉಳಿದ ಆಟ ಎರಡು ಟ್ಯೂಬ್‌ಲೈಟಿನಲ್ಲಿ ಆಯಿತು. ಹೇಳಬೇಕೆಂದರೆ ಚೆನ್ನಾಗಿಯೇ ಆಯಿತು.

ಆ ಮೇಲೆ ಹಠ ಹಿಡಿದು ಕಲಿತೆ. ದೀಪಗಳನ್ನು ಒಂದೇ ಕಡೆ ಕೂತು ಆಳುವ ಭಾಷೆಗೆ ಡಿಎಂಎಕ್ಸ್ 512 ಎಂದು ಹೆಸರು. ಅಮೆರಿಕದ ರಂಗತಂತ್ರಜ್ಞರು 1986ರಲ್ಲಿ ರೂಪಿಸಿದ್ದು, ಈಗ ಲೋಕವೆಲ್ಲ ಅದೇ. ನನಗೆ ಅರ್ಥವಾದದ್ದು ಬ್ಯಾಂಕಿನ ಲೆಡ್ಜರಿನ ಲೆಕ್ಕದಲ್ಲಿ. 512 ಪುಟದ ಒಂದು ಲೆಡ್ಜರು ಎಂದುಕೊಳ್ಳಿ. ಒಂದೊಂದು ಪುಟದಲ್ಲಿ 0ಯಿಂದ 255ರ ವರೆಗೆ ಒಂದು ಅಂಕೆ ಬರೆಯಬಹುದು. 0 ಎಂದರೆ ಆರಿತು, 255 ಎಂದರೆ ಪೂರ್ತಿ. ನಿಮ್ಮ ಖಾತೆ ಇಷ್ಟನೆಯ ಪುಟದಿಂದ ಶುರು ಎಂದು ಪ್ರತಿ ದೀಪಕ್ಕೂ ಬೆನ್ನಿನ ಗುಂಡಿಯಿಂದ ಹೇಳಿಡಬೇಕು. ಮೊದಲ ಪುಟದಲ್ಲಿ ಒಟ್ಟು ಬೆಳಕು, ಎರಡನೆಯದರಲ್ಲಿ ಕೆಂಪು, ಆಮೇಲೆ ಹಸಿರು, ನೀಲಿ, ಹೀಗೆ. ಕ್ರಮ ದೀಪದಿಂದ ದೀಪಕ್ಕೆ ಬದಲಾಗುವುದುಂಟು. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ 192 ಚಾನೆಲ್ಲಿನ ಕಂಟ್ರೋಲರು ಒಂದು ದೀಪಕ್ಕೆ 16 ಪುಟದಂತೆ 12 ದೀಪಗಳಿಗೆ ಹಂಚುತ್ತದೆ. ಹಾಗಾಗಿ ಮೊದಲ ದೀಪಕ್ಕೆ 1, ಎರಡನೆಯದಕ್ಕೆ 17, ಮೂರಕ್ಕೆ 33, ನಾಲ್ಕಕ್ಕೆ 49 ಎಂದು 16ರ ಮಗ್ಗಿಯಲ್ಲಿ ಹೋಗಬೇಕು. ಎರಡು ದೀಪಕ್ಕೆ ಒಂದೇ ಅಂಕೆ ಕೊಟ್ಟರೆ ಎರಡೂ ಒಟ್ಟಿಗೇ ನಡೆಯುತ್ತವೆ, ಜಾಯಿಂಟ್ ಎಕೌಂಟಿನ ಹಾಗೆ. ಅದು ತಪ್ಪಲ್ಲ. ಎಡಬಲದ ದೀಪಗಳನ್ನು ನಾನು ಬೇಕೆಂದೇ ಹಾಗೆ ಇಡುತ್ತೇನೆ.

ದೀಪದಿಂದ ದೀಪಕ್ಕೆ ಹೋಗುವ ಸಿಗ್ನಲ್ ವಯರು ನೋಡಲು ಮೈಕಿನ ವಯರಿನಂತೆಯೇ ಇರುತ್ತದೆ. ಮೈಕಿನದ್ದನ್ನೇ ಹಾಕಿದರೆ ನಾಲ್ಕು ದೀಪದವರೆಗೆ ಹೇಗೋ ನಡೆಯುತ್ತದೆ, ಉದ್ದವಾದ ಹಾಗೆ ಕೊನೆಯ ದೀಪಗಳು ಹುಚ್ಚು ಹಿಡಿದಂತೆ ಮಿಣುಕುತ್ತವೆ. ಕೊನೆಯ ದೀಪದಲ್ಲಿ ಎರಡನೆಯ ಮತ್ತು ಮೂರನೆಯ ಪಿನ್ನಿನ ನಡುವೆ 120 ಓಮ್‌ನ ಒಂದು ಸಣ್ಣ ರೆಸಿಸ್ಟರು ಬೆಸೆದ ಪ್ಲಗ್ಗು ಸಿಕ್ಕಿಸಿದರೆ ಈ ಹುಚ್ಚು ಹೆಚ್ಚಿನಂಶ ಇಳಿಯುತ್ತದೆ. ರೇಡಿಯೊ ರಿಪೇರಿಯವರ ಹತ್ತಿರ ಕೇಳಿ, ಚಹಾದ ದುಡ್ಡಿನಲ್ಲಿ ಮಾಡಿಕೊಡುತ್ತಾರೆ.

ಇನ್ನು ಬಣ್ಣ. ಬೆಂಕಿಯ ಮಾತು ನೆನಪಿಡಿ ಎಂದಿದ್ದೆನಲ್ಲ. ಹಸಿರು ಬೆಳಕಿನಲ್ಲಿ ಕೆಂಪು ಬಟ್ಟೆ ಕರಿಯಾಗಿ ಕಾಣುತ್ತದೆ, ಏಕೆಂದರೆ ಕೆಂಪು ಬಟ್ಟೆಗೆ ಹಿಂದೆ ಕಳಿಸಲು ಕೆಂಪು ಬೆಳಕು ಸಿಗುವುದಿಲ್ಲ. ಬರೇ ಕೆಂಪು ಬೆಳಕಿನಲ್ಲಿ ಮುಖದ ಮೇಲೆ ಗಂಟೆಗಟ್ಟಲೆ ಕೂತು ಬರೆದ ಕೆಂಪು ಗೆರೆಗಳು ಮಾಯವಾಗುತ್ತವೆ. ಮೂರೂ ಬಣ್ಣ ಬೆರೆಸಿದ ಬಿಳಿಯಾದರೂ ಸೂರ್ಯನ ಬಿಳಿಯಲ್ಲ. ಮೂರು ತುಂಡು ಬಣ್ಣ ಮಾತ್ರ ಇದ್ದು ನಡುವಿನದು ಖಾಲಿ. ಬೇಗಡೆಯ ಹೊನ್ನಿನ ಬಣ್ಣ ಹೋಗಿ ತಗಡಿನಂತಾಗುತ್ತದೆ, ಮದುಮಗಳ ಮುಖ ಜ್ವರ ಬಂದವಳ ಹಾಗೆ. ಆದ್ದರಿಂದ ಮುಖಕ್ಕೆ ಬೀಳುವ ದೀಪ ಬೇರೆಯೇ ಇರಲಿ. ವಾರ್ಮ್ ವೈಟ್ ಎಂದು ಸಿಗುತ್ತದೆ, ಸುಮಾರು 3000 ಕೆಲ್ವಿನ್, ಹಳದಿ ಛಾಯೆಯ ಬಿಳಿ. ಅಂಥ ನಾಲ್ಕು ದೀಪ ಎದುರಿನ ಎಡಬಲದಲ್ಲಿ, ತಲೆಗಿಂತ ಮೇಲೆ, ಓರೆಯಾಗಿ. ನೆತ್ತಿಯ ಮೇಲೆ ನೇರ ಕಟ್ಟಬೇಡಿ, ಕಿರೀಟದ ನೆರಳು ಬಿದ್ದು ಕಣ್ಣು ಎರಡು ಗುಂಡಿಯಾಗುತ್ತದೆ. ಕೆಂಪು ನೀಲಿ ಎಲ್ಲ ಹಿಂದಿನಿಂದ, ಪರದೆಗೆ. ರಾಕ್ಷಸ ಬರುವಾಗ ಪರದೆ ಕೆಂಪಾಗಲಿ, ಮುಖ ಕೆಂಪಾಗಬೇಕಾಗಿಲ್ಲ. ಭೂತದ ಕೋಲಕ್ಕೆ, ತೆಯ್ಯಕ್ಕೆ ಈಗ ಕೆಲವರು ಈ ಬಣ್ಣದ ದೀಪ ಹಾಕುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿ ದೀವಟಿಗೆಯೇ ಸಾಕು.

ಕೊಳ್ಳುವಾಗ ಇನ್ನೊಂದು ಪರೀಕ್ಷೆ. ದೀಪವನ್ನು ಅರ್ಧಕ್ಕೆ ಇಳಿಸಿ, ನಿಮ್ಮ ಮೊಬೈಲಿನ ಕೆಮರಾದಲ್ಲಿ ನೋಡಿ. ಪರದೆಯಲ್ಲಿ ಕಪ್ಪು ಪಟ್ಟಿಗಳು ಓಡಿದರೆ ಆ ದೀಪ ಬೇಡ. ಎಲ್‌ಇಡಿಯನ್ನು ಮಂಕು ಮಾಡುವುದೆಂದರೆ ಬಹಳ ಬೇಗ ಬೇಗ ಆರಿಸಿ ಹೊತ್ತಿಸುವುದು. ಅಗ್ಗದ ದೀಪದಲ್ಲಿ ಆ ವೇಗ ಸಾಲದು, ನಮ್ಮ ಕಣ್ಣು ಮೋಸಹೋದರೂ ಕೆಮರಾ ಹೋಗುವುದಿಲ್ಲ. ಮದುವೆಯ ವಿಡಿಯೊ ಕೆಟ್ಟರೆ ಬೈಗುಳ ದೀಪದವನಿಗೇ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. 2019ರ ಡಿಸೆಂಬರಿನ ಒಂದು ಸಂಜೆ. ಹಿಂದಿನ ದಿನ ಅಕಾಲ ಮಳೆ ಬಂದು ಗದ್ದೆ ಒದ್ದೆಯಾಗಿತ್ತು. ದೀಪಗಳನ್ನು ರಾತ್ರಿ ಹೊರಗೇ ಬಿಟ್ಟಿದ್ದೆವು. ಪ್ಲಾಸ್ಟಿಕ್ ಹೊದಿಸಿದ್ದೇವಲ್ಲ ಎಂಬ ಧೈರ್ಯ. ಪ್ಲಸ್ ಟು ಓದುವ ಒಬ್ಬ ಹುಡುಗ ಬರಿಗಾಲಲ್ಲಿ ನಿಂತು ದೀಪದ ಮುಖ ತಿರುಗಿಸಲಿಕ್ಕೆ ಕಬ್ಬಿಣದ ಸ್ಟ್ಯಾಂಡನ್ನು ಹಿಡಿದ. ಕೂಗಲಿಲ್ಲ. ಕೂಗಲು ಆಗುವುದಿಲ್ಲ. ಹಿಡಿದ ಕೈ ಬಿಡಲಾಗದೆ ನಡುಗುತ್ತಿದ್ದ. ಪಕ್ಕದಲ್ಲಿದ್ದವರು ಒಣ ಬಿದಿರಿನಿಂದ ಸ್ಟ್ಯಾಂಡನ್ನು ದೂಡಿ ಬೀಳಿಸಿದರು, ಅವನೂ ಬಿದ್ದ. ಬದುಕಿದ. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಮರುದಿನ ಮನೆಗೆ ಬಂದ. ಅಂಗೈಯಲ್ಲಿ ಸುಟ್ಟ ಗುರುತು ಈಗಲೂ ಇದೆ.

ದೀಪದ ಒಳಗೆ ನೀರು ಇಳಿದು ಕರೆಂಟು ಮೈಗೆ ಬಂದಿತ್ತು. ಅದು ದೀಪದ ದೋಷ ಎನ್ನಬಹುದು. ಆದರೆ ಆ ದೀಪಕ್ಕೆ ಮೂರು ಪಿನ್ನಿನ ಪ್ಲಗ್ಗಿತ್ತು. ಮೂರನೆಯ ದಪ್ಪ ಪಿನ್ನು ಇಂಥ ಕರೆಂಟನ್ನು ನೆಲಕ್ಕೆ ಒಯ್ಯಲಿಕ್ಕೆಂದೇ ಇರುವುದು. ನಾನು ಮಾಡಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡೇ ಎಳೆಯ ವಯರು ಹಾಕಿಸಿದ್ದೆ. ಸಾಕೆಟ್ಟಿನಲ್ಲಿ ಮೂರು ತೂತಿತ್ತು, ಮೂರನೆಯದರ ಹಿಂದೆ ಏನೂ ಇರಲಿಲ್ಲ. ಮೂರೆಳೆಯ ವಯರಿಗೂ ಎರಡೆಳೆಯ ವಯರಿಗೂ ಇದ್ದ ವ್ಯತ್ಯಾಸ 600 ರೂಪಾಯಿ. ಮಂದಿರದ ಹಣ ಉಳಿಸಿದೆ ಎಂದು ಆ ವರ್ಷದ ಮಹಾಸಭೆಯಲ್ಲಿ ನನಗೆ ಅಭಿನಂದನೆಯೂ ಆಗಿತ್ತು. ಹುಡುಗನ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನೀವು ಲೆಕ್ಕದವರಲ್ಲವಾ ಅಣ್ಣ" ಎಂದರು, ಅಷ್ಟೆ. ವಯರಿನ ಬಿಲ್ಲು ನನ್ನ ಹತ್ತಿರ ಈಗಲೂ ಇದೆ.

ಆದ್ದರಿಂದ ದೀಪಕ್ಕಿಂತ ಮೊದಲು ಕೊಳ್ಳಬೇಕಾದದ್ದು ಎರಡು. ಮೂರೆಳೆಯ ಒಳ್ಳೆಯ ವಯರು, ಮುಖ್ಯ ಲೈನಿಗೆ ಎರಡೂವರೆ ಚದರ ಮಿಲಿಮೀಟರಿನದು. ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು. ಹೋದಷ್ಟು ಕರೆಂಟು ಹಿಂದೆ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, ನಾವು ಸಂಜೆ ಕ್ಯಾಶ್ ತಾಳೆ ನೋಡುತ್ತಿದ್ದ ಹಾಗೆ. ಸ್ವಲ್ಪ ಕರೆಂಟು ಮನುಷ್ಯನ ಮೈಯ ಮೂಲಕ ನೆಲಕ್ಕೆ ಹೋದರೂ ರೆಪ್ಪೆ ಬಡಿಯುವುದರೊಳಗೆ ಕಡಿದುಬಿಡುತ್ತದೆ. ಸಾಮಾನ್ಯ ಫ್ಯೂಸಾಗಲಿ ಎಂಸಿಬಿಯಾಗಲಿ ಈ ಕೆಲಸ ಮಾಡುವುದಿಲ್ಲ, ಅವು ವಯರನ್ನು ಕಾಯುತ್ತವೆಯೇ ಹೊರತು ನಮ್ಮನ್ನಲ್ಲ. ಅದರಲ್ಲಿ ಟೆಸ್ಟ್ ಎಂಬ ಗುಂಡಿ ಇರುತ್ತದೆ. ಪ್ರತಿ ಕಾರ್ಯಕ್ರಮದ ಮೊದಲು ಒತ್ತಿ, ಟಕ್ಕೆಂದು ಬೀಳಬೇಕು. ಜನರೇಟರಿನಲ್ಲಿ ನಡೆಸುವವರು ಒಂದು ವಿಷಯ ಗಮನಿಸಿ: ಜನರೇಟರಿನ ನ್ಯೂಟ್ರಲನ್ನು ಭೂಮಿಗೆ ಜೋಡಿಸಿರದಿದ್ದರೆ ಈ ಸ್ವಿಚ್ಚು ಇದ್ದೂ ಇಲ್ಲದಂತೆ. ಲೈಸೆನ್ಸ್ ಇರುವ ವಯರ್‌ಮ್ಯಾನಿನಿಂದಲೇ ಅದನ್ನು ಮಾಡಿಸಿ.

ಹೊರಾಂಗಣಕ್ಕೆ ಬೇಕಾದರೆ ಐಪಿ 65 ಎಂದು ಬರೆದ ದೀಪ ಕೊಳ್ಳಿ. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಐಪಿ 20 ಎಂದಿದ್ದರೆ ನೀರಿನ ರಕ್ಷಣೆ ಸೊನ್ನೆ, ಮಂಜಿನ ಹನಿಯೂ ತಾಗಬಾರದು. ಐಪಿ 65ರ ಬೆಲೆ ಎರಡು ಮೂರು ಪಟ್ಟಾಗುತ್ತದೆ, ಆದರೆ ನಾಲ್ಕೇ ಕೊಳ್ಳಿ. ತಲೆಯ ಮೇಲೆ ತೂಗುವ ಪ್ರತಿ ದೀಪಕ್ಕೂ ಕ್ಲಾಂಪು ಅಲ್ಲದೆ ಒಂದು ಉಕ್ಕಿನ ಹಗ್ಗವೂ ಇರಲಿ.

ಇಷ್ಟಾಗುವಾಗ ನನ್ನ ತಂಗಿಯ ಮಗ ಗಲ್ಫಿನಿಂದ ಕೆಲಸ ಬಿಟ್ಟು ಬಂದ. "ಮಾವಾ, ಲೈಟ್ ಎಂಡ್ ಸೌಂಡ್ ಶುರುಮಾಡುತ್ತೇನೆ, ಎರಡು ಲಕ್ಷ ಸಾಲ ಮಾಡಿಸಿಕೊಡಿ" ಎಂದ. ತಿರುಗುವ ದೀಪ, ಲೇಸರು, ಹೊಗೆಯ ಯಂತ್ರ, ಪಟ್ಟಿ ಮೊಳ ಉದ್ದ ಇತ್ತು. ನಾನು ಕಾಗದ ತೆಗೆದೆ. ಎರಡು ಲಕ್ಷ, ಶೇಕಡಾ 12 ಬಡ್ಡಿ, ಮೂರು ವರ್ಷ. ತಿಂಗಳ ಕಂತು 6,643 ರೂಪಾಯಿ. "ಪತ್ತನಾಜೆ ಯಾವಾಗ?" ಎಂದು ಕೇಳಿದೆ. ಮೇ ಕೊನೆಗೆ ಎಂದ. ಪತ್ತನಾಜೆ ಕಳೆದರೆ ಮೇಳದ ಗೆಜ್ಜೆ ಬಿಚ್ಚುತ್ತಾರೆ, ಕೋಲವಿಲ್ಲ, ಆಟಿಯಲ್ಲಿ ಮದುವೆಯಿಲ್ಲ. ಅಷ್ಟಮಿ, ಚೌತಿ, ಓಣಂ ಬರುವವರೆಗೆ ದೀಪ ಪೆಟ್ಟಿಗೆಯಲ್ಲಿ, ಕಂತು ಮಾತ್ರ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಆ ಮೂರು ತಿಂಗಳಿಗೇ 20,000 ರೂಪಾಯಿ ಮೊದಲೇ ತೆಗೆದಿಟ್ಟಿರಬೇಕು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ಎಂಬ ವಿಭಾಗವಿದೆ, 50,000 ರೂಪಾಯಿವರೆಗೆ, ಜಾಮೀನಿಲ್ಲದೆ. ಅಷ್ಟರಲ್ಲೇ ಶುರುಮಾಡು ಎಂದೆ. ವಯರು ಮತ್ತು ಸ್ವಿಚ್ಚು ಮೊದಲು. ನಾಲ್ಕು ವಾರ್ಮ್ ವೈಟ್, ನಾಲ್ಕು ಬಣ್ಣದ ಪಾರ್, ಎರಡು ಸ್ಟ್ಯಾಂಡು, ಒಂದು ಕಂಟ್ರೋಲರು. ಬಿಲ್ಲು ಕೊಡುವ ಅಂಗಡಿಯಿಂದಲೇ ತಾ, ಬಿಲ್ಲಿಲ್ಲದಿದ್ದರೆ ಬ್ಯಾಂಕೂ ಒಪ್ಪುವುದಿಲ್ಲ, ಕೆಟ್ಟರೆ ಅಂಗಡಿಯವನೂ ಒಪ್ಪುವುದಿಲ್ಲ. ಪ್ರತಿ ಕಾರ್ಯಕ್ರಮದ ಬಾಡಿಗೆಯಲ್ಲಿ ಹತ್ತರಲ್ಲೊಂದು ಪಾಲು ಸವಕಳಿಗೆ ಬೇರೆ ಡಬ್ಬಿಯಲ್ಲಿಡು. 50,000 ಗಂಟೆ ಬಾಳಿಕೆ ಎಂದು ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಎಲ್‌ಇಡಿ ಬಾಳೀತು, ಅದರ ಹಿಂದಿನ ಫ್ಯಾನು ಮತ್ತು ಡ್ರೈವರು ಬಾಳಬೇಕಲ್ಲ.

ಲೇಸರು ಬೇಡವೇ ಬೇಡ ಎಂದೆ. ಅದರ ಕಿರಣ ನೇರ ಕಣ್ಣಿಗೆ ಬಿದ್ದರೆ ಒಳಗಿನ ಪರದೆ ಸುಟ್ಟೀತು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕೇಳುಗರು ಗಣೇಶೋತ್ಸವದ ಮೆರವಣಿಗೆಗಳಲ್ಲಿ ಇವನ್ನು ಕಂಡಿರುತ್ತೀರಿ. 2024ರಲ್ಲಿ ಪುಣೆಯ ಪೊಲೀಸರು ಅದನ್ನು ನಿಷೇಧಿಸಿದ್ದರು. ಫಕ್ ಫಕ್ ಎಂದು ಮಿಂಚುವ ಸ್ಟ್ರೋಬ್ ಬೆಳಕೂ ಹಾಗೆಯೇ. ಅಪಸ್ಮಾರ ಇರುವವರಲ್ಲಿ ಕೆಲವರಿಗೆ ಅಂಥ ಬೆಳಕೇ ಫಿಟ್ಸ್ ತರಿಸುತ್ತದೆ. ಎಂಡೋಸಲ್ಫಾನ್ ಸುರಿದ ಗೇರು ತೋಟಗಳ ಸುತ್ತಿನ ನಮ್ಮ ಊರುಗಳಲ್ಲಿ ಅಂಥ ಮಕ್ಕಳಿರುವ ಮನೆಗಳಿವೆ, ಅವರೂ ಜಾತ್ರೆಗೆ ಬರುತ್ತಾರೆ. ಸೆಕೆಂಡಿಗೆ ನಾಲ್ಕಕ್ಕಿಂತ ಹೆಚ್ಚು ಮಿಂಚಿಸಬೇಡ ಎಂದು ಅಳಿಯನಿಗೆ ಹೇಳಿದ್ದೇನೆ.

ಅವನು 50,000ದಲ್ಲೇ ಶುರುಮಾಡಿದ. ನನ್ನಂತೆ ಲೆಕ್ಕ ಬರೆಯುವವನಲ್ಲ, ಆದರೆ ಕೈ ಚುರುಕು. ಕಳೆದ ವರ್ಷ ನಮ್ಮ ಮಂದಿರದಲ್ಲಿ ಮತ್ತೆ ಹರಿಶ್ಚಂದ್ರ ಆಯಿತು. ಸ್ಮಶಾನದ ಪದಕ್ಕೆ ಪರದೆಗೆ ಮಾತ್ರ ಕಡು ನೀಲಿ, ಚಂದ್ರಮತಿಯ ಮುಖಕ್ಕೆ ಒಂದೇ ಬದಿಯಿಂದ ಹಳದಿ ಬೆಳಕು, ಅದೂ ಅರ್ಧಕ್ಕೆ. ಕಂಟ್ರೋಲರಿನ ಹತ್ತಿರ ಕೂತಿದ್ದವನು ಆ ಪ್ಲಸ್ ಟು ಹುಡುಗ. ಈಗ ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕೋರ್ಸು ಮುಗಿಸಿ ನನ್ನ ಅಳಿಯನ ಜತೆಗೇ ಇದ್ದಾನೆ. ಆಟ ಶುರುವಾಗುವ ಮೊದಲು ಅವನು ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿದ, ದೀಪವೆಲ್ಲ ಆರಿತು. ಸಭೆಯಲ್ಲಿ ಯಾರೋ "ಕರೆಂಟು ಹೋಯಿತು" ಎಂದು ಕೂಗಿದರು. ಅವನು ನನ್ನ ಕಡೆ ನೋಡಿ, ಮತ್ತೆ ಸ್ವಿಚ್ಚು ಏರಿಸಿದ.